ವಾಪಸ್ಸು ದಾರಿಯ ಊರುಗಳು

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಓಡುತ್ತಿದ್ದ ಹಳದಿ ಬಸ್ಸಿನ ಮಾಲೀಕರು ಏಕಾಂತಪ್ಪನವರು. ಬಸ್ಸಿನ ಹಣೆಯ ಮೇಲೆ ತಮ್ಮ ತಾಯಿ ಶಿವಬಸಮ್ಮನವರ ಹೆಸರನ್ನು ಕೆಂಪಕ್ಷರದಲ್ಲಿ ಬರೆಸಿದ್ದರು. ಆದರೂ ಆ ದಾರಿಯ ಜನ ಅದನ್ನು ಕರೆಯುತ್ತಿದ್ದುದು ಪಾಲಯ್ಯನ ಬಸ್ಸು ಅಂತಲೇ. ಪಾಲಯ್ಯ, ಪೂರ್ತಿ ಹೆಸರು ದೊಡ್ಡಪಾಲಯ್ಯ, ಆ ಬಸ್ಸಿನ ಕಂಡಕ್ಟರ್. "ಹೆಸರು ಅವಂದೇ ಇರ್ಲಿ ಬಿಡ್ರಿ, ಬಸ್ಸು ನಂದಿದ್ರೆ ಸಾಕು" ಎಂದು ಏಕಾಂತಪ್ಪನವರು ನಗುತ್ತಿದ್ದರು. ಅವರಿಗೆ ಗೊತ್ತಿತ್ತು, ಬಸ್ಸು ತುಂಬುತ್ತಿದ್ದುದು ತಾಯಿಯ ಹೆಸರಿನಿಂದಲ್ಲ, ಪಾಲಯ್ಯನ ಗಂಟಲಿನಿಂದ.

ತೊಂಬತ್ತರ ದಶಕದ ಚಳ್ಳಕೆರೆ ಬಸ್‌ಸ್ಟ್ಯಾಂಡು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪ್ರೈವೇಟ್ ಬಸ್ಸು ಹೊರಡುವುದಕ್ಕೂ ಅದರ ಹಿಂದಿನದು ಬಂದು ಮೂತಿ ತೂರಿಸುವುದಕ್ಕೂ ಬೀಡಿ ಸೇದಿ ಮುಗಿಸುವಷ್ಟು ಹೊತ್ತು. ಅಷ್ಟರೊಳಗೆ ಜನರನ್ನು ಎಳೆದುಕೊಂಡವನೇ ಜಾಣ. ಪಾಲಯ್ಯ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ನೆಲದ ಮೇಲಿಟ್ಟು, ಅಂಗೈಯಿಂದ ಬಸ್ಸಿನ ಪಕ್ಕೆಗೆ ತಟ್ಟುತ್ತಾ ಶುರುಮಾಡುತ್ತಿದ್ದ: "ಹಿರೇಹಳ್ಳಿ ತಳಕು ಬೀಜಿಕೆರೆ, ಕೊಂಡ್ಲಹಳ್ಳಿ ಕೋನಸಾಗರ, ಹಾನಗಲ್ಲು ಮೊಳಕಾಲ್ಮೂರೂ..." ಕೊನೆಯ ಊರನ್ನು ಎಳೆದು, ಮೇಲಕ್ಕೆತ್ತಿ, ಥಟ್ಟನೆ ಬಿಡುತ್ತಿದ್ದ. ಎಣ್ಣೆ ಮಿಲ್ಲಿನ ಹೆಂಗಸರು ಶೇಂಗಾ ಸುಲಿಯುತ್ತಾ ಅದನ್ನೇ ಗುನುಗುತ್ತಿದ್ದರಂತೆ. ಬೇರೆ ಬಸ್ಸಿಗೆ ಹೋಗಬೇಕಾದವರೂ ಒಂದು ಗಳಿಗೆ ನಿಂತು ಕೇಳಿ ಹೋಗುತ್ತಿದ್ದರು.

ಇಲ್ಲೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಈ ಕೂಗು ಹೋಗುವಾಗ ಮಾತ್ರ. ಮೊಳಕಾಲ್ಮೂರಿನಲ್ಲಿ ಜನ ಕರೆಯುವ ಕೆಲಸ ಅಲ್ಲಿನ ಏಜೆಂಟನದು. ಅವನು "ಚಳ್ಳಕೆರೆ, ಚಳ್ಳಕೆರೆ" ಎಂದು ಒಣಗಂಟಲಿನಲ್ಲಿ ಅರಚುತ್ತಿದ್ದರೆ ಪಾಲಯ್ಯ ಹೋಟೆಲಿನ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ವಾಪಸ್ಸು ಬರುವಾಗ ಒಂದೊಂದು ಊರಿಗೂ "ತಳಕು ಯಾರ್ರೀ, ಏಳ್ರಿ ಏಳ್ರಿ" ಎಂದು ತೂಕಡಿಸುವವರನ್ನು ಎಬ್ಬಿಸಿದರೆ ಮುಗಿಯಿತು. ಹೋಗುವಾಗ ಹಾಡು, ಬರುವಾಗ ಮಾತು. ಹಾಗೆಯೇ ಅವನ ಅರ್ಧ ಆಯುಷ್ಯ ಕಳೆದಿತ್ತು.

ತೊಂಬತ್ತೆಂಟರ ಶ್ರಾವಣದಲ್ಲಿ ಒಂದು ಬೆಳಗ್ಗೆ ಪಾಲಯ್ಯ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಬಲಗೈಯಿಂದ ಚೊಂಬು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೇ ಕೆಳಕ್ಕೆ ಕುಸಿದ. ಹೆಂಡತಿ ಚಿನ್ನಕ್ಕ ಓಡಿ ಬಂದಾಗ ಬಾಯಿ ಒಂದು ಕಡೆಗೆ ವಾಲಿತ್ತು, ಕಣ್ಣು ಮಾತ್ರ ಅವಳನ್ನೇ ನೋಡುತ್ತಿದ್ದವು. ಲಕ್ವ. ಅಕ್ಕಪಕ್ಕದವರು ಪಾರಿವಾಳದ ರಕ್ತ ತಿಕ್ಕು ಅಂದರು, ಯಾರೋ ಒಬ್ಬ ಎಣ್ಣೆಯ ಪಂಡಿತನ ವಿಳಾಸ ಹೇಳಿದರು. ಚಿನ್ನಕ್ಕ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಜೀಪು ಮಾಡಿಸಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಒಯ್ದಳು. ಜೀವ ಉಳಿದದ್ದು ಆ ಹೆಣ್ಣಿನ ಹಟದಿಂದ.

ಕಾಲು ಬೇಗ ದಾರಿಗೆ ಬಂತು. ಸ್ವಲ್ಪ ಎಳೆಯುತ್ತಿತ್ತು, ಅಷ್ಟೆ. ಬಲಗೈ ಅರ್ಧ ಬಂತು. ಬಾರದೇ ಹೋದದ್ದು ಮಾತು. ಎದುರಿನವರು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ತಾನು ಹೇಳಬೇಕಾದದ್ದೂ ಒಳಗೆ ಸಿದ್ಧವಾಗಿರುತ್ತಿತ್ತು. ಬಾಯಿ ತೆರೆದರೆ "ಬ... ಬ..." ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ನೀರು ಬೇಕೆಂದರೂ ಬ, ಹಸಿವಾಯಿತೆಂದರೂ ಬ. ಒಂದು ಸಲ ನೋಡಲು ಬಂದ ನೆಂಟನೊಬ್ಬ ಕಿವುಡನಿಗೆ ಹೇಳುವ ಹಾಗೆ ಗಟ್ಟಿಯಾಗಿ ಕೂಗಿ ಕೂಗಿ ಮಾತಾಡಿಸಿದಾಗ ಪಾಲಯ್ಯನಿಗೆ ಅವನ ಕಪಾಳಕ್ಕೆ ಬಿಡಬೇಕು ಅನಿಸಿತು. ಬಲಗೈಯೂ ಏಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ ಅತ್ತ.

ದಾವಣಗೆರೆಯ ಆಸ್ಪತ್ರೆಯಲ್ಲಿ ಮಾತು ಕಲಿಸುವವಳು ಶಿಲ್ಪಾ ಎಂಬ ಹುಡುಗಿ. ಗಂಡ ಹೆಂಡತಿ ವಾರಕ್ಕೊಮ್ಮೆ ಬಸ್ಸು ಹತ್ತಿ ಅವಳ ಹತ್ತಿರ ಹೋಗುತ್ತಿದ್ದರು. ಅವಳು ಮೇಜಿನ ಮೇಲೆ ಚಿತ್ರಗಳನ್ನು ಒಂದೊಂದಾಗಿ ಇಟ್ಟು, ಇದೇನು, ಇದೇನು ಎಂದು ಕೇಳುತ್ತಿದ್ದಳು. ಹಸು, ಬಿಂದಿಗೆ, ಬಾಳೆಹಣ್ಣು. ಪಾಲಯ್ಯನಿಗೆ ನಾಚಿಕೆ. ಒಂದನೇ ಕ್ಲಾಸಿನಲ್ಲಿ ಬಿಟ್ಟು ಬಂದದ್ದು ಈ ವಯಸ್ಸಿನಲ್ಲಿ ತಿರುಗಿ ಬಂದು ಅಮರಿಕೊಂಡಿತಲ್ಲ ಎಂಬ ಸಿಟ್ಟು. ಒಂದು ದಿನ ಅವಳು ಬಸ್ಸಿನ ಚಿತ್ರ ಇಟ್ಟಳು. ಪಾಲಯ್ಯ ಅದನ್ನು ನೋಡಿದ. ಎಡಗೈ ತನ್ನಷ್ಟಕ್ಕೆ ತಾನೇ ಎದ್ದು ಮೇಜಿನ ಪಕ್ಕೆಗೆ ತಟ್ಟತೊಡಗಿತು. ಎರಡು ಸಲ ತಟ್ಟಿತು, ಮೂರನೆಯ ಸಲಕ್ಕೆ ಬಾಯಿ ತೆರೆದುಕೊಂಡಿತು: "ಹಿರೇಹಳ್ಳಿ ತಳಕು ಬೀಜಿಕೆರೆ, ಕೊಂಡ್ಲಹಳ್ಳಿ ಕೋನಸಾಗರ, ಹಾನಗಲ್ಲು ಮೊಳಕಾಲ್ಮೂರೂ..."

ಹೊರಗಿನ ಬೆಂಚಿನ ಮೇಲಿದ್ದ ಚಿನ್ನಕ್ಕ ಸೆರಗು ಜಾರಿದ್ದನ್ನೂ ನೋಡದೆ ಒಳಕ್ಕೆ ಓಡಿ ಬಂದಳು. ಪಾಲಯ್ಯ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ಶಿಲ್ಪಾ ಮಾತ್ರ ಶಾಂತವಾಗಿದ್ದಳು. "ಹೀಗೆ ಎಷ್ಟೋ ಜನಕ್ಕೆ ಆಗುತ್ತೆ ಅಮ್ಮ" ಎಂದಳು. "ತಲೆಯೊಳಗೆ ಮಾತಿಗೆ ಒಂದು ಮನೆ, ಹಾಡಿಗೆ ಒಂದು ಮನೆ. ಮಾತಿನ ಮನೆ ಬಿದ್ದಿದೆ, ಹಾಡಿನ ಮನೆ ಗಟ್ಟಿಯಾಗಿದೆ. ಈ ಮನೆಯಿಂದಲೇ ಆ ಮನೆಗೆ ದಾರಿ ಮಾಡಬೇಕು. ಬೇಗ ಆಗಲ್ಲ, ಆದರೆ ಆಗುತ್ತೆ."

ಬೇಗ ಆಗಲ್ಲ ಅನ್ನುವುದು ಪಾಲಯ್ಯನ ಕಿವಿಗೆ ಬೀಳಲೇ ಇಲ್ಲ. ಆಗುತ್ತೆ ಅನ್ನುವುದಷ್ಟೇ ಬಿತ್ತು.

ಯುಗಾದಿ ಮುಗಿದದ್ದೇ ಅವನು ಖಾಕಿ ಅಂಗಿ ಹಾಕಿಕೊಂಡು ಏಕಾಂತಪ್ಪನವರ ಶೆಡ್ಡಿಗೆ ಹೋಗಿ ನಿಂತ. ಗುಂಡಿಗಳನ್ನು ಎಡಗೈಯಿಂದಲೇ ಹಾಕಿಕೊಂಡಿದ್ದ, ಚಿನ್ನಕ್ಕ ಹಾಕಲು ಬಂದರೆ ಬಿಟ್ಟಿರಲಿಲ್ಲ. ಏಕಾಂತಪ್ಪನವರು ಕೆಟ್ಟವರಲ್ಲ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. "ಪಾಲಯ್ಯ, ನೀನು ಇಲ್ಲೇ ಶೆಡ್ಡಲ್ಲಿ ಕೂತ್ಕ. ಟೈರು, ಡೀಸೆಲ್ಲು ನೋಡ್ಕ. ಸಂಬಳದಾಗೆ ಒಂದು ಪೈಸೆ ಕಮ್ಮಿ ಮಾಡಲ್ಲ. ಬಸ್ಸಿಗೆ ಮುರುಗೇಶನ್ನ ಹಾಕ್ಕಂಡೀನಿ, ಅವ್ನು ನೋಡ್ಕತಾನೆ" ಎಂದರು.

ಪಾಲಯ್ಯ ಚಹಾ ಮುಟ್ಟಲಿಲ್ಲ. ಎದ್ದು ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಪಕ್ಕೆಗೆ ತಟ್ಟಿದ. ಕೂಗಿದ. ದನಿ ಸ್ವಲ್ಪ ಒಡೆದಿತ್ತು, ರಾಗ ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ. ಶೆಡ್ಡಿನ ಮೆಕ್ಯಾನಿಕ್ಕು ಪಾನಾ ಕೆಳಗಿಟ್ಟು ಎದ್ದು ನಿಂತ. ಡ್ರೈವರ್ ಬೊಮ್ಮಣ್ಣ, ಪಾಲಯ್ಯನ ಹಳೆಯ ಜೊತೆಗಾರ, ಕಣ್ಣೊರೆಸಿಕೊಳ್ಳುತ್ತಾ, "ಸಾಹುಕಾರ್ರೇ, ಇವ್ನಿಲ್ದೆ ನಂಗೆ ಸ್ಟೇರಿಂಗೇ ತಿರುಗಲ್ಲ. ಒಂದಿನ ಕಳಿಸಿ ನೋಡ್ರಿ" ಎಂದ. ಏಕಾಂತಪ್ಪನವರು "ನೋಡೋಣ, ಒಂದು ವಾರ" ಎಂದು ಚರ್ಮದ ಬ್ಯಾಗನ್ನು ಅವನ ಹೆಗಲಿಗೆ ಹಾಕಿದರು.

ಹೋಗುವಾಗ ರಾಜನ ಹಾಗೆ ಹೋದ. ಬಸ್‌ಸ್ಟ್ಯಾಂಡಿನಲ್ಲಿ ಕೂಗು ಎದ್ದಾಗ ಎಷ್ಟೋ ಅಂಗಡಿಯವರು ಹೊರಗೆ ಬಂದು ನೋಡಿದರು. ಟಿಕೆಟ್ ಹರಿಯುವುದು ಎಡಗೈಗೆ ಒಗ್ಗಿತ್ತು, ರೈಟ್ ಹೇಳುವ ಬದಲು ಸೀಟಿ ಊದುತ್ತಿದ್ದ. ದಾರಿಯಲ್ಲಿ ಒಂದೊಂದು ಊರು ಬಂದಾಗಲೂ ಮೊದಲಿಂದ ಹಾಡಿ ಆ ಊರಿಗೆ ಬಂದು ನಿಲ್ಲುತ್ತಿದ್ದ. ತಳಕಿಗೆ "ಹಿರೇಹಳ್ಳಿ ತಳಕು." ಬೀಜಿಕೆರೆಗೆ "ಹಿರೇಹಳ್ಳಿ ತಳಕು ಬೀಜಿಕೆರೆ." ಹಾನಗಲ್ಲು ಬರುವ ಹೊತ್ತಿಗೆ ಕಾಲೇಜು ಹುಡುಗನೊಬ್ಬ, "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ಗೆಳೆಯನ ಕಿವಿಯಲ್ಲಿ ಅಂದ. ಪಾಲಯ್ಯನಿಗೆ ಕೇಳಿಸಿತು. ನಕ್ಕುಬಿಟ್ಟ. ಕೆಲಸ ಕೈಗೆ ಬಂದವನಿಗೆ ಗೇಲಿ ತಾಗುವುದಿಲ್ಲ.

ತಾಗಿದ್ದು ವಾಪಸ್ಸು ಬರುವಾಗ.

ಮೊಳಕಾಲ್ಮೂರಿನಲ್ಲಿ ಯಾರೋ ತೆಲುಗಿನವರು "ಈ ಬಸ್ಸು ತಳಕು ಪೋತುಂದಾ?" ಎಂದು ಕೇಳಿದಾಗ ತಲೆ ಆಡಿಸಿದ, ಸಾಕಾಯಿತು. ಆದರೆ ದಾರಿಯಲ್ಲಿ ಊರುಗಳ ಹೆಸರು ಹೇಳಬೇಕಲ್ಲ. ಹಾನಗಲ್ಲು ದಾಟಿ ಕೋನಸಾಗರ ಬಂತು. ಪಾಲಯ್ಯ ಬಾಯಿ ತೆರೆದ, ಹೆಸರು ಬರಲಿಲ್ಲ. ಬರುವಾಗಿನ ದಾರಿಗೆ ಅವನಲ್ಲಿ ಹಾಡೇ ಇರಲಿಲ್ಲ. ಇದ್ದದ್ದು ಮಾತು, ಆ ಮಾತು ಶ್ರಾವಣದಲ್ಲೇ ಹೋಗಿತ್ತು. ಗತ್ಯಂತರವಿಲ್ಲದೆ ಹೋಗುವಾಗಿನ ಹಾಡನ್ನೇ ಎತ್ತಿಕೊಂಡ: "ಹಿರೇಹಳ್ಳಿ ತಳಕು ಬೀಜಿಕೆರೆ, ಕೊಂಡ್ಲಹಳ್ಳಿ ಕೋನಸಾಗರ."

ಹಿಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ ತಳಕಿನ ತಿಪ್ಪೇರುದ್ರಮ್ಮ ಕೂತಿದ್ದಳು. ಮೊಳಕಾಲ್ಮೂರಿನ ಮಗಳ ಮನೆಗೆ ಹೋಗಿ ಬರುವ ಅಜ್ಜಿ, ಊರಿಗೆಲ್ಲ ಗೊತ್ತಿರುವ ಬಾಯಿ. ಅವಳಿಗೆ ಜೋಂಪು ಹತ್ತಿತ್ತು. ನಿದ್ದೆಗಣ್ಣಿನಲ್ಲಿ "ತಳಕು" ಎಂಬ ಹೆಸರು ಕಿವಿಗೆ ಬಿತ್ತು, ಮುಂದಿನದು ಬೀಳಲಿಲ್ಲ. ಗಂಟು ಬಗಲಿಗಿರಿಸಿಕೊಂಡು, ಇಳಿಯುವವರ ಜೊತೆ ಇಳಿದೇಬಿಟ್ಟಳು. ಮುಂದಿನ ಬಾಗಿಲಲ್ಲಿದ್ದ ಪಾಲಯ್ಯ ಸೀಟಿ ಊದಿದ. ಬಸ್ಸು ಹೊರಟಿತು.

ಸ್ವಲ್ಪ ದೂರ ಹೋದ ಮೇಲೆ ಅವನ ಕಣ್ಣು ಖಾಲಿ ಸೀಟಿನ ಮೇಲೆ ಬಿತ್ತು. ಹೊತ್ತು ಮುಳುಗುತ್ತಿತ್ತು. ಸೀಟಿ ಊದಿದ, ಬಸ್ಸಿನ ತಗಡಿಗೆ ಬಡಿದ. ಬೊಮ್ಮಣ್ಣ ಬ್ರೇಕು ಹಾಕಿ, "ಏನಾತಲೇ ಪಾಲಯ್ಯ?" ಎಂದು ತಿರುಗಿದ. ಪಾಲಯ್ಯ ಸೀಟು ತೋರಿಸಿದ, ಹಿಂದಿನ ದಾರಿ ತೋರಿಸಿದ, "ಬ... ಬ..." ಎಂದ. ಯಾರಿಗೂ ತಿಳಿಯಲಿಲ್ಲ. ತಿಳಿಸುತ್ತಾ ನಿಂತರೆ ಕತ್ತಲಾಗುತ್ತದೆಂದು ಕೆಳಗೆ ಹಾರಿ, ಕಾಲೆಳೆದುಕೊಂಡು ಬಂದ ದಾರಿಯಲ್ಲೇ ಓಡತೊಡಗಿದ. ಆಗ ಬೊಮ್ಮಣ್ಣ ಬಸ್ಸು ತಿರುಗಿಸಿಕೊಂಡು ಹಿಂದೆ ಬಂದ.

ಅಜ್ಜಿ ರಸ್ತೆ ಬದಿಯ ಕಲ್ಲಿನ ಮೇಲೆ ಗಂಟು ಅವುಚಿಕೊಂಡು ಕೂತಿದ್ದಳು. ಮುಸ್ಸಂಜೆಯಾದರೆ ಅವಳಿಗೆ ಕಣ್ಣು ಅಷ್ಟಕ್ಕಷ್ಟೇ. ಪಾಲಯ್ಯನನ್ನು ಕಂಡದ್ದೇ ಬಾಯಿ ಬಿಟ್ಟಳು ನೋಡಿ, ಅವನ ಏಳು ತಲೆಮಾರು ಆ ಕೋನಸಾಗರದ ರಸ್ತೆಯಲ್ಲಿ ಎದ್ದು ಬಂದು ನಿಂತವು. ಅವಳನ್ನು ಹತ್ತಿಸಿಕೊಂಡು ಹೊರಡುವ ಹೊತ್ತಿಗೆ ಹಿಂದಿನ ಬಸ್ಸು ಮುಂದಾಗಿ, ಬೀಜಿಕೆರೆಯ ಜನರನ್ನೆಲ್ಲ ಬಾಚಿಕೊಂಡು ಹೋಗಿತ್ತು.

ಮುಂದಿನ ಸಂತೆಯ ದಿನ ತಿಪ್ಪೇರುದ್ರಮ್ಮ ಚಳ್ಳಕೆರೆಗೆ ಬಂದವಳು ನೇರ ಏಕಾಂತಪ್ಪನವರ ಶೆಡ್ಡಿಗೆ ನುಗ್ಗಿದಳು. ಅವಳು ಹೋದ ಮೇಲೆ ಏಕಾಂತಪ್ಪನವರು ಪಾಲಯ್ಯನಿಂದ ಬ್ಯಾಗು ತೆಗೆದುಕೊಂಡು ಗೂಟಕ್ಕೆ ಹಾಕಿದರು. ಪಾಲಯ್ಯ ಅಲ್ಲಾಡಲಿಲ್ಲ, ಬ್ಯಾಗನ್ನೇ ನೋಡುತ್ತಾ ನಿಂತ. ಅವರಿಗೆ ಅವನ ಮೇಲಿನ ಕನಿಕರಕ್ಕೂ ಬಸ್ಸಿನ ಮೇಲಿನ ಚಿಂತೆಗೂ ನಡುವೆ ಸಿಕ್ಕಿ ರೇಗಿತು. "ಆ ಅಜ್ಜಿ ಮತ್ತೆ ನಿನ್ ಬಸ್ಸು ಹತ್ತಿ, ನೀನು ಊರ ಹೆಸರು ಹೇಳಿದ್ದು ಕೇಳಿ ತಳಕಲ್ಲೇ ಇಳೀಲಿ. ಅವತ್ತು ಈ ಬ್ಯಾಗು ನಿಂದು. ಅಲ್ಲಿವರ್ಗೂ ನನ್ನ ಪೀಡಿಸ್ಬ್ಯಾಡ" ಎಂದರು. ಆಗದ ಮಾತು ಎಂದುಕೊಂಡೇ ಆಡಿದ ಮಾತು ಅದು. ಪಾಲಯ್ಯ ಅದನ್ನು ಆಗುವ ಮಾತು ಎಂದುಕೊಂಡು ಮನೆಗೆ ಹೋದ.

ಮನೆಯಲ್ಲಿ ಚಿನ್ನಕ್ಕನಿಗೆ ಬೊಮ್ಮಣ್ಣನಿಂದ ಎಲ್ಲ ತಿಳಿದಿತ್ತು. ಅಯ್ಯೋ ಪಾಪ ಎನ್ನುವ ಜಾತಿಯವಳಲ್ಲ ಅವಳು. "ಹೋಗೋಕೆ ಹಾಡೈತೆ, ಬರೋಕೆ ಹಾಡಿಲ್ಲ. ಅಷ್ಟೇ ತಾನೆ? ಮಾಡ್ಕೊಂಡ್ರೆ ಆತು" ಎಂದಳು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಬೀಸೋಕಲ್ಲನ್ನು ನಡುಮನೆಗೆ ಎಳೆದಳು. ಹಿಟ್ಟಿನ ಗಿರಣಿ ಬಂದ ಮೇಲೆ ಆ ಕಲ್ಲನ್ನು ಯಾರೂ ಮುಟ್ಟಿರಲಿಲ್ಲ. ಒಂದು ಹಿಡಿ ರಾಗಿ ಸುರಿದು, "ಬಾ, ಕೂತ್ಕ" ಎಂದು ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ಅವನ ಸೋತ ಬಲಗೈಯನ್ನು ಗೂಟದ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ತಿರುಗಿಸಿದಳು. ಅವಳ ಅವ್ವ ಬೀಸುವಾಗ ಹಾಡುತ್ತಿದ್ದ ಧಾಟಿಯೊಂದಿತ್ತು, ಆ ಧಾಟಿಗೆ ಊರುಗಳನ್ನು ಹೊಂದಿಸಿದಳು:

"ಹಾನಗಲ್ಲು ಕೋನಸಾಗರ,
ಕೊಂಡ್ಲಹಳ್ಳಿ ನನ್ನ ತವರ,
ಬೀಜಿಕೆರೆ ತಳಕು ದಾಟಿ
ಹಿರೇಹಳ್ಳಿ ಚಳ್ಳಕೆರೆ."

ಚಿನ್ನಕ್ಕನ ತವರು ಕೊಂಡ್ಲಹಳ್ಳಿಯೇ. ಹಾಡು ಕಟ್ಟುವಾಗ ಅವಳ ಬಾಯಿಗೆ ತಾನಾಗಿ ಬಂದದ್ದು ಅದು, ತೆಗೆದರೆ ತಾಳ ಕೆಡುತ್ತಿತ್ತು. ಹೀಗಾಗಿ ಪಾಲಯ್ಯನ ಬಾಯಿಗೂ ಹಾಗೇ ಬಂದು ಕೂತಿತು. ಹೋಗುವಾಗಿನ ಹಾಡು ಎಷ್ಟೋ ವರ್ಷದ್ದು, ಕೇಳದೆಯೇ ಬರುತ್ತಿತ್ತು. ಇದು ಹೊಸದು. ಮೊದಮೊದಲು ಅವನು ಹಾನಗಲ್ಲು ಎಂದ ಕೂಡಲೇ ನಾಲಿಗೆ ಹಳೆಯ ಚಾಳಿಗೆ ಬಿದ್ದು ಮೊಳಕಾಲ್ಮೂರಿನ ಕಡೆಗೆ ಎಳೆಯುತ್ತಿತ್ತು. ಚಿನ್ನಕ್ಕ ಎಣ್ಣೆ ಮಿಲ್ಲಿನ ಕೂಲಿ ಮುಗಿಸಿ ಬಂದು, ಸೊಂಟ ನೋವೆಂದು ಒಮ್ಮೆಯೂ ಅನ್ನದೆ ಕಲ್ಲಿನ ಮುಂದೆ ಕೂರುತ್ತಿದ್ದಳು. ಆ ಮಳೆಗಾಲವೆಲ್ಲ ಅವರ ಮನೆಯಲ್ಲಿ ಗಿರಣಿ ಹಿಟ್ಟು ತಂದದ್ದಿಲ್ಲ. ಕಲ್ಲಿನ ಹಿಟ್ಟಿನ ಮುದ್ದೆಯೇ ರುಚಿ ಅಂತ ಪಾಲಯ್ಯ ಕೈಸನ್ನೆಯಲ್ಲಿ ಹೇಳಿದರೆ, "ಬಾಯಲ್ಲಿ ಹೇಳು, ಆಮೇಲೆ ಇನ್ನೊಂದು ಮುದ್ದೆ" ಎನ್ನುತ್ತಿದ್ದಳು.

ಹಾಡು ಬಂದರೂ ಇನ್ನೊಂದು ತೊಡಕು ಉಳಿಯಿತು. ತಳಕು ಎನ್ನುವ ಮುಂಚೆ ಹಿಂದಿನ ಊರುಗಳೆಲ್ಲ ಬಾಯಿಂದ ಬಂದೇ ಬರುತ್ತವೆ. ನಿದ್ದೆಗಣ್ಣಿನವರು ಯಾವ ಹೆಸರಿಗೆ ಏಳಬೇಕು? ದಾವಣಗೆರೆಗೆ ಹೋಗಿ ಶಿಲ್ಪಾಳಿಗೆ ಚಿನ್ನಕ್ಕ ಇದನ್ನು ಹೇಳಿದಳು. ಶಿಲ್ಪಾ ಹಾಡನ್ನು ಎರಡು ಸಲ ಕೇಳಿಸಿಕೊಂಡು, "ನನ್ನ ತವರ" ಬಂದಲ್ಲಿ ನಕ್ಕು, ಅವನ ಎದುರು ಕೂತಳು. "ತುಟಿ ಮುಚ್ಚಿಕೊಂಡು ಒಳಗೇ ಹಾಡಿ. ಬೇಕಾದ ಊರು ಬಂದಾಗ ಮಾತ್ರ ಬಾಯಿ ಬಿಡಿ. ಮೊದಲನೆಯದೆಲ್ಲ ನುಂಗಿ, ಕೊನೆಯದನ್ನು ಆಚೆ ಬಿಡಿ" ಎಂದಳು. ಹೇಳುವುದು ಸುಲಭ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಳಗೆ ಸರಿಯಾಗಿ ಸಾಗುತ್ತಿದ್ದ ಹಾಡು, ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿದರೂ ತುಂಡಾಗುತ್ತಿತ್ತು. ಆಗ ಮತ್ತೆ ಹಾನಗಲ್ಲಿನಿಂದ. ಪಾಲಯ್ಯ ಎಷ್ಟು ಸಲ ಹಾನಗಲ್ಲಿಗೆ ಹೋಗಿ ಬಂದನೋ, ಆ ಬಸ್ಸೂ ಅಷ್ಟು ಸಲ ಹೋಗಿರಲಿಕ್ಕಿಲ್ಲ.

ದಸರೆ ಹತ್ತಿರವಾದಾಗ, ಒಂದು ಬೆಳಗ್ಗೆ ಅವನು ತಾನೇ ತಳಕಿಗೆ ಹೋದ. ತಿಪ್ಪೇರುದ್ರಮ್ಮ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. "ಏನೋ, ಇನ್ನೂ ಎಲ್ಲಿ ಇಳಿಸೋದು ಬಾಕಿ ಐತೆ ನನ್ನ?" ಎಂದಳು. ಪಾಲಯ್ಯ ಕೈಮುಗಿದು ಕೆಳಗೆ ಕೂತ. ಬಲಗೈಯನ್ನು ಗಾಳಿಯಲ್ಲಿ ಬೀಸೋಕಲ್ಲು ತಿರುಗಿಸುವ ಹಾಗೆ ತಿರುಗಿಸುತ್ತಾ ಗಟ್ಟಿಯಾಗಿ ಹಾಡಿದ. ಹಾನಗಲ್ಲು ಕೋನಸಾಗರ, ಕೊಂಡ್ಲಹಳ್ಳಿ ನನ್ನ ತವರ, ಬೀಜಿಕೆರೆ, ತಳಕು. ಅಲ್ಲಿಗೆ ನಿಲ್ಲಿಸಿ, ಅವಳ ಅಂಗಳದ ಮಣ್ಣನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ.

ಅಜ್ಜಿ ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ಅವತ್ತು ನಂಗೆ ಸಿಟ್ಟು ಯಾಕೆ ಬಂತು ಗೊತ್ತೇನೋ ಪಾಲಯ್ಯ? ಇಳಿದು ನೋಡ್ತೀನಿ, ಆಲದ ಮರ ಇಲ್ಲ, ನಮ್ಮ ಬೀದಿ ಇಲ್ಲ. ನನ್ನೂರು ನಂಗೇ ಗುರುತು ಸಿಗ್ತಿಲ್ವಲ್ಲ ಅನ್ಕೊಂಡೆ. ಮುದುಕಿಗೆ ಅರಳುಮರಳು ಹಿಡೀತು, ಇನ್ನು ಮುಗೀತು ಅಂತ ಆ ಕಲ್ಲಿನ ಮೇಲೆ ಕೂತೆ. ಬಸ್ಸಿಗೆ ಹೆದರ್ಲಿಲ್ಲ, ನನ್ ತಲೆಗೆ ಹೆದರಿದೆ."

ಪಾಲಯ್ಯ ತನ್ನ ತಲೆಯನ್ನು ಮುಟ್ಟಿ ತೋರಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡ. ಆ ಹೆದರಿಕೆ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಏಕಾಂತಪ್ಪ ಆಡಿದ ಮಾತು ನನ್ ಕಿವಿಗೂ ಬಿದ್ದೈತೆ. ಶುಕ್ರವಾರ ಮಗಳ ಮನೆಗೆ ಹೋಗ್ತೀನಿ. ಸಂಜೆ ನಿನ್ ಬಸ್ಸಿಗೇ ಬರ್ತೀನಿ" ಎಂದಳು ಅಜ್ಜಿ. "ಆದ್ರೆ ಕಣ್ಣು ಮುಚ್ಕೊಂಡು ಕೂತಿರ್ತೀನಿ. ನೀನು ಹೇಳೋವರ್ಗೂ ಏಳಲ್ಲ. ಚಳ್ಳಕೆರೆಗೆ ಹೋದ್ರೂ ಸೈ."

ಏಕಾಂತಪ್ಪನವರು ಆಡಿದ ಮಾತಿಗೆ ತಪ್ಪಲಿಲ್ಲ. ಅಜ್ಜಿ ಒಪ್ಪಿದ್ದು ತಿಳಿದದ್ದೇ, ಶುಕ್ರವಾರದ ಮಟ್ಟಿಗೆ ಬ್ಯಾಗು ಗೂಟದಿಂದ ಇಳಿಯಿತು. ಸಂಜೆ ಮೊಳಕಾಲ್ಮೂರಿನಲ್ಲಿ ತಿಪ್ಪೇರುದ್ರಮ್ಮ ಹತ್ತಿ, ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂತು, ಗಂಟನ್ನು ಮಡಿಲಿಗಿಟ್ಟುಕೊಂಡು, ಕೇಳುವವರಿಗೆಲ್ಲ ಕೇಳಲಿ ಎಂದು ವಿಷಯ ಸಾರಿ ಕಣ್ಣು ಮುಚ್ಚಿದಳು. ಬಸ್ಸಿನ ತುಂಬ ಜನ. ದಸರೆಗೆ ಸೀರೆ ಕೊಂಡವರು, ಕೊಡಿಸಿದವರು, ಸುಮ್ಮನೆ ನೋಡಿ ಬಂದವರು. ಎಲ್ಲರ ಕಣ್ಣೂ ಪಾಲಯ್ಯನ ಬಾಯಿಯ ಮೇಲೆ.

ಹಾನಗಲ್ಲು ಹಾಡಿನ ಮೊದಲನೆಯ ಊರು, ಸಲೀಸಾಗಿ ಬಂತು. ಕೋನಸಾಗರಕ್ಕೆ ಒಂದನ್ನು ನುಂಗಿ ಒಂದನ್ನು ಬಿಟ್ಟ. ಬೊಮ್ಮಣ್ಣ ಕನ್ನಡಿಯಲ್ಲಿ ನೋಡಿ ಮೀಸೆ ತಿರುವಿದ. ಪಾಲಯ್ಯನಿಗೆ ಖುಷಿ ಏರಿತು. ಎಡವಟ್ಟಾದದ್ದು ಆ ಖುಷಿಯಲ್ಲೇ. ಕೊಂಡ್ಲಹಳ್ಳಿ ಬಂದಾಗ ಹಿಂದಿನೆರಡನ್ನು ನುಂಗಿದ, ಆದರೆ ಮುಂದಿನದಕ್ಕೆ ಬಾಯಿ ಮುಚ್ಚುವುದನ್ನು ಮರೆತ. "ಕೊಂಡ್ಲಹಳ್ಳಿ ನನ್ನ ತವರ" ಎಂದುಬಿಟ್ಟ.

ಬಸ್ಸಿಗೆ ಬಸ್ಸೇ ನಕ್ಕಿತು. "ಬಾಣಂತನಕ್ಕೆ ಬಂದೀಯೇನಪ್ಪ?" ಎಂದು ಇಳಿಯುತ್ತಿದ್ದವನೊಬ್ಬ ಕೇಳಿದ. "ಅಳಿಯ ಬಂದಾನೆ, ಕೋಳಿ ಕುಯ್ರಿ" ಎಂದು ಇನ್ನೊಬ್ಬ. ಕುಹಕವೇನಿಲ್ಲ, ಪ್ರೀತಿಯ ನಗೆಯೇ. ಆದರೆ ಆ ಗದ್ದಲದಲ್ಲಿ ಪಾಲಯ್ಯನ ಒಳಗಿನ ಹಾಡು ಪಟ್ಟನೆ ಹರಿಯಿತು. ಬೀಜಿಕೆರೆಯಲ್ಲಿ ಬಾಯಿ ತೆರೆದ, ಏನೂ ಬರಲಿಲ್ಲ. ಇಳಿಯುವವರು ತಾವೇ ಇಳಿದುಕೊಂಡರು. ಸೀಟಿ ಊದಿ ಕಂಬಿಗೆ ಒರಗಿ ನಿಂತ.

ಮುಂದಿನದು ತ... ಅವನಿಗೆ ಊರು ಕಣ್ಣೆದುರು ಕಾಣುತ್ತಿತ್ತು. ಆಲದ ಮರ ಕಾಣುತ್ತಿತ್ತು, ಅಜ್ಜಿಯ ಜಗುಲಿ ಕಾಣುತ್ತಿತ್ತು. ಹೆಸರು ಮಾತ್ರ ಇರಲಿಲ್ಲ. ಹಾನಗಲ್ಲಿನಿಂದ ಶುರುಮಾಡಿದರೆ ನಡುವೆ ಆ ನಗು ನೆನಪಾಗಿ ಕೊಂಡ್ಲಹಳ್ಳಿಯಲ್ಲೇ ಸಿಕ್ಕಿಬೀಳುತ್ತಿದ್ದ. ಅಷ್ಟರಲ್ಲಿ ತಳಕು ಬಂದೇಬಿಟ್ಟಿತು. ಬೊಮ್ಮಣ್ಣ ನಿಲ್ಲಿಸಿದ. ಇಳಿಯುವವರು ಇಳಿದು, ಹೋಗದೆ ಕಿಟಕಿಯ ಹತ್ತಿರ ನಿಂತರು. ಅಜ್ಜಿ ಕದಲಲಿಲ್ಲ.

"ಅಜ್ಜೀ, ನಿಮ್ಮೂ..." ಎಂದು ಪಕ್ಕದ ಹೆಂಗಸು ಶುರುಮಾಡಿದಳು.

"ಬಾಯಿ ಮುಚ್ಕೊಂಡಿರು" ಎಂದಳು ಅಜ್ಜಿ ಕಣ್ಣು ಮುಚ್ಚಿಕೊಂಡೇ. "ಹೇಳೋನು ಹೇಳ್ಲಿ."

ಹಿಂದಿನ ಬಸ್ಸು ಹಾರ್ನು ಬಾರಿಸುತ್ತಾ ಬಂದು, ಪಕ್ಕದಲ್ಲೇ ಧೂಳೆಬ್ಬಿಸಿ ಮುಂದೆ ಹೋಯಿತು. ಹಿರೇಹಳ್ಳಿಯ ಜನ ಇನ್ನು ಆ ಬಸ್ಸಿಗೇ. ಯಾರೋ "ಹೊರಡ್ರಿ, ಹೊತ್ತಾತು" ಎಂದರು. ಬೊಮ್ಮಣ್ಣ ಸ್ಟೇರಿಂಗಿನಿಂದ ಕೈತೆಗೆದು ಕಟ್ಟಿಕೊಂಡು ಕೂತ. ಎಂಜಿನ್ನು ಆರಿಸಿಬಿಟ್ಟ. "ಅವಸರ ಇದ್ದೋರು ಇಳ್ಕೊಂಡು ನಡೀರಿ" ಎಂದ.

ಬಸ್ಸು ಸದ್ದಿಲ್ಲದೆ ನಿಂತಿತು. ಪಾಲಯ್ಯ ಕಣ್ಣು ಮುಚ್ಚಿದ. ಸೋತ ಬಲಗೈಯನ್ನು ಸೀಟಿನ ಕಂಬಿಯ ಮೇಲಿಟ್ಟು ಮೆಲ್ಲಗೆ ತಿರುಗಿಸಿದ. ಅದರ ಮೇಲೆ ಚಿನ್ನಕ್ಕನ ಕೈ ಇದೆ ಎಂದುಕೊಂಡ. ರಾಗಿ ಉದುರುವ ಸದ್ದು ನೆನೆಸಿಕೊಂಡ. ಹಾನಗಲ್ಲು. ಕೋನಸಾಗರ. ಕೊಂಡ್ಲಹಳ್ಳಿ ನನ್ನ ತವರ, ಹೌದು, ನನ್ನದೇ ತವರು, ನಗುವವರು ನಗಲಿ. ಬೀಜಿಕೆರೆ.

"ತಳಕು" ಎಂದ.

ಹಾಡಿನ ದನಿಯಲ್ಲಿ ಅಲ್ಲ. ಮೊದಲು ಹೇಳುತ್ತಿದ್ದ ಹಾಗೆ, ಬರಿಯ ದನಿಯಲ್ಲಿ.

ತಿಪ್ಪೇರುದ್ರಮ್ಮ ಕಣ್ಣು ಬಿಟ್ಟಳು. ಕಿಟಕಿಯಾಚೆ ನೋಡಿ ಆಲದ ಮರವನ್ನು ಖಾತ್ರಿ ಮಾಡಿಕೊಂಡಳು. ಗಂಟು ಎತ್ತಿಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಕೊನೆಯ ಮೆಟ್ಟಿಲಲ್ಲಿ ಅವಳ ಕಾಲು ನೆಲ ಹುಡುಕಿದಾಗ ಪಾಲಯ್ಯ ಬಗ್ಗಿ ತೋಳು ಹಿಡಿದ.

"ನಿಧಾನ" ಎಂದ.

ಅಜ್ಜಿ ನಿಂತಳು. ಬೊಮ್ಮಣ್ಣ ತಿರುಗಿ ನೋಡಿದ. ಆ ಮಾತು ಹೋಗುವ ಹಾಡಿನಲ್ಲೂ ಇರಲಿಲ್ಲ, ಬರುವ ಹಾಡಿನಲ್ಲೂ ಇರಲಿಲ್ಲ.

"ಏನಂದೆ?" ಎಂದಳು ಅಜ್ಜಿ.

"ನಿಧಾನ, ಅವ್ವ."

ಅವಳು ನೆಲಕ್ಕಿಳಿದು ಸೆರಗಿನಿಂದ ಮುಖ ಒರೆಸಿಕೊಂಡಳು. "ಬೊಮ್ಮಣ್ಣ, ಏಕಾಂತಪ್ಪಗೆ ಹೇಳು, ತಿಪ್ಪೇರುದ್ರಮ್ಮ ತಳಕಲ್ಲೇ ಇಳಿದ್ಲು ಅಂತ" ಎಂದು, ಬಸ್ಸಿನ ಪಕ್ಕೆಗೆ ಎರಡು ಸಲ ತಟ್ಟಿದಳು. "ರೈಟ್."

ಬೊಮ್ಮಣ್ಣ ಎಂಜಿನ್ನು ಹಚ್ಚಿದ. ಮುಂದಿನ ಊರು ಹಿರೇಹಳ್ಳಿ. ಪಾಲಯ್ಯ ಬಾಗಿಲಲ್ಲಿ ನಿಂತು, ಬ್ಯಾಗನ್ನು ಹೆಗಲ ಮೇಲೆ ಸರಿಮಾಡಿಕೊಂಡು, ತುಟಿ ಮುಚ್ಚಿ, ಮತ್ತೆ ಹಾನಗಲ್ಲಿನಿಂದ ಶುರುಮಾಡಿದ.